ನರಸಿಂಹಪ್ಪನ ಎಡಗಿವಿ

ಶ್ರೀನಿವಾಸಪುರದ ಮಾವಿನ ಮಂಡಿಯಲ್ಲಿ ದಲ್ಲಾಳಿ ನರಸಿಂಹಪ್ಪ ನಕ್ಕಿದ್ದನ್ನು ಕಂಡವರಿರಲಿಲ್ಲ. ಮದುವೆಯ ಫೋಟೋದಲ್ಲೂ ಆಸಾಮಿ ತಹಶೀಲ್ದಾರರ ಮುಂದೆ ನಿಂತವನ ಹಾಗೇ ಇದ್ದಾನೆ. ಸಿಡುಕು ಅಂದುಕೊಳ್ಳಬೇಡಿ, ಅದು ಕಸುಬು. ಮಂಡಿಯಲ್ಲಿ ಬೆಲೆಯನ್ನು ಬಾಯಲ್ಲಿ ಹೇಳುವುದಿಲ್ಲ. ದಲ್ಲಾಳಿಯೂ ಕೊಳ್ಳುವವನೂ ಟವೆಲಿನಡಿ ಕೈ ಹಿಡಿದು ಬೆರಳಲ್ಲೇ ಮಾತಾಡುತ್ತಾರೆ. ಎಷ್ಟು ಬೆರಳು ಹಿಡಿಸಿದರೆ ಅಷ್ಟು ನೂರು. ಮುಖ ಸ್ವಲ್ಪ ಸಡಿಲವಾದರೂ ಎದುರಿನವನು ಹೊಟ್ಟೆಯೊಳಗಿನದನ್ನು ಓದಿಬಿಡುತ್ತಾನೆ. ಇಪ್ಪತ್ತೆರಡು ವರ್ಷದಲ್ಲಿ ತನ್ನ ಮುಖವನ್ನು ಒಬ್ಬನೂ ಓದಿಲ್ಲ ಎಂಬುದೇ ನರಸಿಂಹಪ್ಪನ ಆಸ್ತಿ, ಅಂತಸ್ತು, ಎಲ್ಲ.

ಇಂಥವನಿಗೂ ಒಂದು ಗುಟ್ಟಿತ್ತು: ಸಂಜೆ ಏಳೂವರೆಯ ಧಾರಾವಾಹಿ. ಅತ್ತೆ ಸೊಸೆಯನ್ನು ಮನೆಯಿಂದ ಆಚೆ ಹಾಕಿದ ದಿನ ಗಂಡ ಊಟ ಬಿಟ್ಟನೆಂದು ಹೆಂಡತಿ ಕೃಷ್ಣಮ್ಮ ಬೀದಿಗೆಲ್ಲ ಹೇಳಿ ಬಂದಿದ್ದಳು. ಗುಟ್ಟು ಅಂದರೆ ಅಷ್ಟರಮಟ್ಟಿನ ಗುಟ್ಟು.

೨೦೦೩ರ ಬೇಸಿಗೆಯಲ್ಲಿ ಕೇಬಲ್ ಅರುಣ್‌ಕುಮಾರ್ ಗೆಳೆಯರನ್ನು ಕಟ್ಟಿಕೊಂಡು ಆ ಧಾರಾವಾಹಿಯ ಅಣಕ ತೆಗೆದ. ಮದುವೆ ವಿಡಿಯೋದ ಕ್ಯಾಮೆರಾ ಕೈಯಲ್ಲೇ ಇತ್ತು, ಧಾರಾವಾಹಿಯ ಹುಚ್ಚು ಅವನಿಗೂ ಇತ್ತು. ಹೆಸರು ‘ಏಳೂವರೆ ಶನಿ’. ಭಾನುವಾರ ಬೆಳಿಗ್ಗೆ ಹತ್ತಕ್ಕೆ ಊರಿನ ಕೇಬಲ್‌ನಲ್ಲಿ ಒಂದೊಂದು ಕಂತು. ಅದನ್ನು ನೋಡಬಹುದೋ ಬಾರದೋ ಎಂದು ಜನ ನರಸಿಂಹಪ್ಪನನ್ನೇ ಕೇಳಿದರು. ಹಣ್ಣು ಕೊಯ್ಯದೆ ಹುಳ ಹೇಳುವವನಲ್ಲವೇ. ಅವನು ಒಂದು ಕಂತೂ ನೋಡದೆ ತೀರ್ಪು ಕೊಟ್ಟ: ಅದು ನೋಡುವ ಪದಾರ್ಥವೇ ಅಲ್ಲ, ಉಂಡ ಮನೆಗೆ ಎರಡು ಬಗೆಯುವ ಕೆಲಸ. ಮೂರನೇ ಕಂತಿನ ಹೊತ್ತಿಗೆ ಊರಲ್ಲಿ ಹತ್ತು ಹೊಡೆದರೆ ಸಾಕು, ಎಲ್ಲರೂ ಬೇರೆ ಚಾನೆಲ್ಲಿಗೆ ತಿರುಗಿಸುತ್ತಿದ್ದರು.

ಅರುಣ್‌ಕುಮಾರ್ ಬಿಡುವವನೇ? ನಾಲ್ಕನೇ ಭಾನುವಾರ ಮಂಡಿಯೊಳಗಿನ ಕದಿರಮ್ಮನ ಟೀ ಅಂಗಡಿಗೆ ಟಿವಿ ಹೊತ್ತು ತಂದು, ನರಸಿಂಹಪ್ಪನ ಮೂಗಿನ ನೇರಕ್ಕೇ ಇಟ್ಟ.

ಆಗ ನರಸಿಂಹಪ್ಪ ಯಲ್ದೂರಿನ ಮುನಿಗಂಗಮ್ಮನ ತೋಟದ ಬಾದಾಮಿ ಹಣ್ಣಿಗೆ ವ್ಯಾಪಾರ ಕುದುರಿಸುತ್ತಿದ್ದ. ಆಂಧ್ರದ ಸಾಹುಕಾರನ ಕೈ ಟವೆಲಿನಡಿ ಅವನ ಕೈಯಲ್ಲಿತ್ತು. ಸಾಹುಕಾರ ಮೂರು ಎನ್ನುತ್ತಿದ್ದ, ಇವನು ನಾಲ್ಕು ಬೆರಳು ಹಿಡಿಸಿ ಕದಲದೆ ಕೂತಿದ್ದ. ಕಣ್ಣು ಮಾತ್ರ ಬೇಡ ಬೇಡವೆಂದರೂ ಟಿವಿಯತ್ತ ಜಾರಿತು.

ಟಿವಿಯಲ್ಲಿ ಅತ್ತೆ ಬಂದಳು. ಅತ್ತೆಯೆಂದರೆ ಮಂಡಿಯಲ್ಲಿ ಹಣ್ಣು ವಿಂಗಡಿಸುವ ಗಂಗುಲಪ್ಪ; ಸೀರೆ ಉಡಲು ಒಪ್ಪಿದ್ದ, ಮೀಸೆ ಬೋಳಿಸಲು ಒಪ್ಪಿರಲಿಲ್ಲ. ಸಾರಿಗೆ ಉಪ್ಪು ಬಿದ್ದಿಲ್ಲವೆಂದು ಸೊಸೆ ಹೇಳಿದಳು. ಹಿಂದಿನಿಂದ ಯಾರೋ ಎಣ್ಣೆ ಡಬ್ಬ ಬಡಿದರು, ಅದು ಗುಡುಗು. ಕ್ಯಾಮೆರಾ ಅತ್ತೆಯ ಮುಖಕ್ಕೆ ಮೂರು ಸಲ ನುಗ್ಗಿತು, ಮಾವನ ಮುಖಕ್ಕೆ ಮೂರು ಸಲ ನುಗ್ಗಿತು, ಕೊನೆಗೆ ಕೊಟ್ಟಿಗೆಯ ಎಮ್ಮೆಗೂ ಮೂರು ಸಲ. ಎಮ್ಮೆ ಮೆಲುಕು ಹಾಕುತ್ತಿತ್ತು. ನರಸಿಂಹಪ್ಪ ತಡೆದುಕೊಂಡ. ಆಮೇಲೆ ಉಪ್ಪು ಯಾರು ಹಾಕಬೇಕೆಂದು ಅತ್ತೆ ಸೊಸೆ ಟವೆಲಿನಡಿ ಕೈಹಾಕಿ ಚೌಕಾಸಿಗೆ ಕೂತರು. ಅತ್ತೆ ಮುಖ ಬಿಗಿದುಕೊಂಡಳು, ಥೇಟ್ ನರಸಿಂಹಪ್ಪ. ಆದರೆ ಚೌಕಾಸಿ ತನ್ನ ಕಡೆ ವಾಲಿದಾಗಲೆಲ್ಲ ಆ ಅತ್ತೆಯ ಎಡಗಿವಿ ಪಟಪಟನೆ ಅಲ್ಲಾಡಿತು. ಕಿವಿಗೆ ಕಟ್ಟಿದ್ದ ದಾರವೂ ಕಾಣುತ್ತಿತ್ತು.

ಅಂಗಡಿಯಲ್ಲಿದ್ದವರೆಲ್ಲ ತಿರುಗಿ ನರಸಿಂಹಪ್ಪನ ಕಿವಿ ನೋಡಿದರು. ಅಯ್ಯೋ ಶಿವನೇ, ಇಪ್ಪತ್ತೆರಡು ವರ್ಷದಿಂದ ಇಡೀ ಮಂಡಿಗೆ ಗೊತ್ತಿದ್ದದ್ದು ಅವನೊಬ್ಬನಿಗೇ ಗೊತ್ತಿರಲಿಲ್ಲ! ಅವನಿಗೆ ನಾಚಿಕೆಯಾಯಿತು, ಕೋಪ ಬಂತು, ಅವೆರಡನ್ನೂ ಪಕ್ಕಕ್ಕೆ ತಳ್ಳಿ ನಗು ಬಂತು. ಪುಣ್ಯಾತ್ಮ ಅದನ್ನು ಮುಖಕ್ಕೆ ಬಿಡಲಿಲ್ಲ. ದಾರಿ ಕಾಣದ ನಗು ತೋಳಿಗಿಳಿದು ಕೈ ಗಡಗಡ ನಡುಗಿತು, ಸಾಹುಕಾರನ ಹಿಡಿತದಲ್ಲಿ ಎರಡೇ ಬೆರಳು ಉಳಿದವು. ಎರಡಕ್ಕೆ ಆಯಿತೆಂದು ಸಾಹುಕಾರ ಟವೆಲು ಎಳೆದೇಬಿಟ್ಟ.

ಟವೆಲಿನಡಿ ಕೊಟ್ಟ ಬೆರಳೆಂದರೆ ಕೊಟ್ಟ ಮಾತು. ಕೈ ಯಾಕೆ ತಪ್ಪಿತೆಂದು ದಲ್ಲಾಳಿಯೇ ನಾಲ್ಕು ಜನರ ಮುಂದೆ ಒಪ್ಪಿಕೊಂಡರೆ ಮಾತ್ರ ವ್ಯಾಪಾರ ಮುರಿಯುತ್ತದೆ. ಒಪ್ಪಿದರೆ ಕಲ್ಲುಮುಖದ ಹೆಸರೂ ಹೋಯಿತು, ಊರಿಗೆ ಕೊಟ್ಟ ತೀರ್ಪೂ ಹೋಯಿತು. ಸುಮ್ಮನಿದ್ದರೆ ಮುನಿಗಂಗಮ್ಮನ ವರ್ಷದ ಬೆಳೆ ಅರ್ಧ ಬೆಲೆಗೆ ಹೋಯಿತು. ಅವಳು ಪಕ್ಕದಲ್ಲೇ ನಿಂತಿದ್ದಳು. ಹಣ್ಣಿನ ರಾಶಿಯನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. ನರಸಿಂಹಪ್ಪ ಅಂಗಡಿಯಲ್ಲಿದ್ದವರ ಕಡೆ ತಿರುಗಿದ.

“ನಕ್ಬಿಟ್ಟೆ ಕಣ್ರಪ್ಪಾ,” ಎಂದ. “ಮುಖಕ್ಕೆ ಬಿಡ್ಲಿಲ್ಲ, ಕೈಗೆ ಹೋಗ್ಬಿಡ್ತು.”

ಸಾಹುಕಾರ ತೆಲುಗಿನಲ್ಲಿ ಗೊಣಗಿಕೊಂಡು ಮತ್ತೆ ಟವೆಲಿನಡಿ ಕೈ ಕೊಟ್ಟ. ಈ ಸಲ ನಾಲ್ಕಕ್ಕೇ ಕುದುರಿತು.

ಅರುಣ್‌ಕುಮಾರ್ ಹತ್ತಿರ ಬಂದ. “ಹಂಗಾದ್ರೆ ನೋಡ್ಬೋದಾ, ಅಣ್ಣಾ?”

ನರಸಿಂಹಪ್ಪ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡ. ಮುಖ ಮತ್ತೆ ಮೊದಲಿನಂತೆಯೇ ಬಿಗಿಯಾಗಿತ್ತು. “ಏನೋ, ಪರವಾಗಿಲ್ಲ,” ಎಂದ.

“ಅವ್ನ ಬಾಯಿ ಮಾತು ಬಿಡ್ರಪ್ಪಾ,” ಎಂದಳು ಮುನಿಗಂಗಮ್ಮ. “ಕಿವಿ ಅಲ್ಲಾಡ್ತು.”

ಮುಂದಿನ ಭಾನುವಾರ ಹತ್ತಕ್ಕೆ ಮಂಡಿಯಲ್ಲಿ ಒಂದು ವ್ಯಾಪಾರವೂ ನಡೆಯಲಿಲ್ಲ. ಕದಿರಮ್ಮನ ಅಂಗಡಿಯ ಮುಂದಿನ ಬೆಂಚಿನಲ್ಲಿ ಎಲ್ಲರಿಗಿಂತ ಮೊದಲು ಬಂದು ಕೂತಿದ್ದವನು ನರಸಿಂಹಪ್ಪ. ಟವೆಲನ್ನು ಎರಡೂ ಕಿವಿ ಮುಚ್ಚುವಂತೆ ತಲೆಗೆ ಬಿಗಿಯಾಗಿ ಸುತ್ತಿಕೊಂಡಿದ್ದ.