ಶಿವಪ್ಪನ ಹೆಸರಿಗೆ ಬರೆಸಿದ ನನ್ನ ಕೇಸು

ನಾಶಿಕ್‌ನ ಪೊಲೀಸ್ ಒಂದು ಸಣ್ಣ ಯಂತ್ರವನ್ನು ಮುಂದೆ ಹಿಡಿದು ‘ಫುಂಕ್ ಮಾರಾ’ ಎಂದ. ಊದು ಎಂದರ್ಥ. ನಮ್ಮ ಇಂಡಿ ಕಡೆ ಕುಡಿದವನನ್ನು ಹೆಂಡತಿ ವಾಸನೆಯಿಂದ ಹಿಡಿಯುತ್ತಾಳೆ. ಇಲ್ಲಿ ಯಂತ್ರ ಅಂಕಿ ತೋರಿಸುತ್ತದೆ. ಊದಿದವನು ಶಿವಪ್ಪ. ಗಾಡಿ ಓಡಿಸಿದವನು ನಾನು. ಇದನ್ನು ಬರೆಯಲು ಇಷ್ಟು ವರ್ಷ ಬೇಕಾಯಿತು.

ಆಗ ನಾಶಿಕ್‌ನ ಸಾತಪುರದಲ್ಲಿ ನಾನು ಮುಕಾದಮ, ಅಂದರೆ ಊರಿನಿಂದ ಆಳು ತಂದು ಕಟ್ಟಡದ ಕೆಲಸಕ್ಕೆ ಹಚ್ಚುವವನು. ಸ್ಲ್ಯಾಬ್ ಹಾಕಿದ ದಿನ ಮಾಲೀಕರು ಮಟನ್ ಊಟ ಕೊಡುತ್ತಿದ್ದರು, ಬಾಟಲಿಯೂ ಬರುತ್ತಿತ್ತು. ಅಂಥ ಒಂದು ಮಧ್ಯಾಹ್ನ ಪಿಕಪ್ಪನ್ನು ಡಿವೈಡರಿಗೆ ಹತ್ತಿಸಿದೆ. ಪಕ್ಕದಲ್ಲಿದ್ದ ಆಳು ಶಿವಪ್ಪನೂ ಕುಡಿದಿದ್ದ. ಮುಕಾದಮನ ಹೆಸರು ಕೆಡಬಾರದು, ಕೇಸು ಬಂದರೆ ಆಳು ತಲೆ ಕೊಡಬೇಕು. ಅದು ನಮ್ಮ ಗ್ಯಾಂಗಿನ ಪದ್ಧತಿ. ಪೊಲೀಸರು ಬರುವಷ್ಟರಲ್ಲಿ ಸೀಟು ಬದಲಿಸಿದ್ದೆವು. ಓದಲು ಬಾರದ ಮರಾಠಿ ಕಾಗದಕ್ಕೆ ಅವನು ಸಹಿ ಹಾಕಿದ. ಕೋರ್ಟಿನಲ್ಲಿ ನಾನು ಹೇಳಿಕೊಟ್ಟಂತೆ ‘ಹೋ ಸಾಹೇಬ್’, ಹೌದು ಸಾಹೇಬರೇ, ಎಂದು ತಪ್ಪೊಪ್ಪಿಕೊಂಡು ದಂಡ ಕಟ್ಟಿದ.

ಆಮೇಲೆ ಸಂಭಾಜಿನಗರದ ಮಗಳ ಮನೆ ಸೇರಿದೆ. ನಾಶಿಕ್‌ನ ಚಳಿ, ದ್ರಾಕ್ಷಿ ಇಲ್ಲಿಲ್ಲ. ನಳಕ್ಕೆ ನೀರು ಬಂದ ದಿನವೇ ಹಬ್ಬ. ನನ್ನ ಕನ್ನಡಕ್ಕೆ ಮೊಮ್ಮಕ್ಕಳು ಮರಾಠಿಯಲ್ಲಿ ಉತ್ತರ ಕೊಡುತ್ತಾರೆ. ಕಳೆದ ತಿಂಗಳು ಶಿವಪ್ಪನ ಫೋನ್ ಬಂತು. ನಾಶಿಕ್‌ನಲ್ಲೇ ಕುಡಿದು ಬೈಕ್ ಓಡಿಸಿ ಸಿಕ್ಕಿಬಿದ್ದಿದ್ದ.

“ಮುಕಾದಮ್ರ, ಅವತ್ತ ನಿಮ್ಮದು ನನ್ನ ಹೆಸರಿಗಿ ಬರಸ್ಕೊಂಡೆ. ಈ ಸಲದ್ದು ನಂದೇ ಐತ್ರಿ. ಇದನ್ನ ಯಾರ ಹೆಸರಿಗಿ ಬರಸ್ಲಿ?” ಎಂದು ನಕ್ಕ. ಆಮೇಲೆ ದನಿ ತಗ್ಗಿಸಿದ. “ಎರಡನೇ ಸಲ ಅಂತ್ರಿ. ಜೇಲ್ ಆಗ್ತದ ಅಂತಾರ.”

ಇಲ್ಲಿಯ ಕೋರ್ಟಿನಲ್ಲಿ ಬಡವರಿಗೆ ಪುಕ್ಕಟೆ ನೆರವಾಗುವ ವಕೀಲೆಯನ್ನು ಕೇಳಿದೆ. ಮೊದಲ ತಪ್ಪಿಗೆ ಆರು ತಿಂಗಳವರೆಗೆ, ಎರಡನೆಯದಕ್ಕೆ ಎರಡು ವರ್ಷದವರೆಗೆ ಜೈಲು ಆಗಬಹುದಂತೆ. ತಿಳಿಯದ ಕಾಗದಕ್ಕೆ ಸಹಿ ಹಾಕದೆ, ‘ನನ್ನ ಭಾಷೆಯಲ್ಲಿ ಹೇಳಿ’ ಎನ್ನುವ ಹಕ್ಕು ಮೊದಲ ಸಲವೇ ಅವನಿಗಿತ್ತಂತೆ; ಸರ್ಕಾರದ ವಕೀಲರನ್ನೂ ಕೇಳಬಹುದಿತ್ತಂತೆ.

“ಕಾಕಾ, ಅವನಿಗೆ ಯಾರೂ ಹೇಳಲಿಲ್ಲವೇ?” ಎಂದು ವಕೀಲೆ ಕೇಳಿದರು.

ಗ್ಯಾಂಗಿನಲ್ಲಿ ಹತ್ತನೆಯ ಇಯತ್ತೆ ಓದಿದವನು ನಾನೊಬ್ಬನೇ.

“ನಾನೀಗ ನಿಜ ಹೇಳಿದರೆ?”

“ಹಳೆಯ ಶಿಕ್ಷೆ ತೆಗೆಸಲು ಅರ್ಜಿ ಹಾಕಬಹುದು. ಆಗುತ್ತದೆಂದು ಮಾತು ಕೊಡಲಾರೆ. ನಿಮ್ಮ ಮೇಲೂ ಕೇಸಾದೀತು.”

ನಾಶಿಕ್‌ಗೆ ಹೋಗಿ, ಅಂದು ಗಾಡಿ ಓಡಿಸಿದವನು ನಾನೇ ಎಂಬ ಪ್ರಮಾಣಪತ್ರಕ್ಕೆ ಸಹಿ ಹಾಕಿದೆ. ಕೋರ್ಟಿನ ಜಗಲಿಯಲ್ಲಿ ಶಿವಪ್ಪ ನನ್ನ ಕೈ ಹಿಡಿದ.

“ಈ ವಯಸ್ಸಿನ್ಯಾಗ ನಿಮಗ್ಯಾಕ್ರಿ ಇದು? ಊರಿಗಿ ಹೋಗಿಬಿಡ್ರಿ. ಅಲ್ಲಿ ಯಾರೂ ಕೇಳಂಗಿಲ್ಲ.”

ಕೇಳುವುದಿಲ್ಲ, ನಿಜ. ಊರಿನಲ್ಲಿ ನಾನು ಹತ್ತಾರು ಮನೆಗೆ ಕೆಲಸ ಕೊಟ್ಟ ದೊಡ್ಡವನು. ಅಲ್ಲಿಗೆ ಹೋದರೆ ಅವರೆಲ್ಲ ಕಟ್ಟೆಯ ಮೇಲೆ ಕೂರಿಸಿ ಚಹಾ ಕೊಡುತ್ತಾರೆ. ಶಿವಪ್ಪನ ತಾಯಿಯೂ ಕೊಡುತ್ತಾಳೆ.

ಪ್ರಮಾಣಪತ್ರದಲ್ಲಿ ಕೊಟ್ಟ ವಿಳಾಸ ಮಗಳ ಮನೆಯದು. ಸಂಭಾಜಿನಗರದ ಬಸ್ಸು ಹತ್ತಿದೆ.