ದೊಡ್ಡ ಬಸವಣ್ಣನ ಹಿಂದೆ ಆಡಿದ ಮಾತು

ಮೊದಲೇ ಹೇಳಿಬಿಡುತ್ತೇನೆ, ನಾನು ಹರಕೆ ಹೊತ್ತವಳಲ್ಲ, ಶಾಸ್ತ್ರ ಕೇಳಿದವಳಲ್ಲ. ಮೂವತ್ತು ವರ್ಷ ಹೈಸ್ಕೂಲು ಮಕ್ಕಳಿಗೆ ಲೆಕ್ಕ ಹೇಳಿಕೊಟ್ಟವಳು. ಯಾರಾದರೂ ದೇವರ ಪವಾಡ ಅಂತ ಶುರು ಮಾಡಿದರೆ ಕಾಫಿ ತರುವ ನೆಪದಲ್ಲಿ ಎದ್ದು ಹೋಗುತ್ತಿದ್ದೆ. ಈಗ ನಾನೇ ಹೇಳಲು ಕೂತಿದ್ದೇನೆ, ನೀವು ಎದ್ದು ಹೋದರೂ ಬೇಜಾರಿಲ್ಲ.

ಕೆಲವು ವರ್ಷಗಳ ಹಿಂದೆ ನನ್ನ ಅಣ್ಣನಿಗೆ ಸ್ಟ್ರೋಕ್ ಆಗಿ ಮಾತು ನಿಂತುಹೋಯಿತು. ತ್ಯಾಗರಾಜನಗರದ ತನ್ನ ಮನೆಯಲ್ಲಿ ನಾಲ್ಕು ತಿಂಗಳು ಕಿಟಕಿ ಪಕ್ಕ ಸುಮ್ಮನೆ ಕೂತಿದ್ದ. ಡಾಕ್ಟರು ಕೂಡ ಇನ್ನು ಕಷ್ಟ ಎಂದಿದ್ದರು. ಅವನನ್ನು ನೋಡಲು ಹೋದ ಒಂದು ದಿನ ಅತ್ತಿಗೆ ನನ್ನನ್ನು ಅಡುಗೆಮನೆಗೆ ಕರೆದು, "ದೊಡ್ಡ ಬಸವಣ್ಣನ ಕಿವೀಲಿ ಒಂದು ಮಾತು ಹೇಳಿ ಬಂದ್ಬಿಡೆ. ನಾನು ಇವರನ್ನ ಬಿಟ್ಟು ಹೋಗೋ ಹಾಗಿಲ್ಲ ನೋಡು," ಎಂದರು.

"ಆ ಕಿವಿ ಎಷ್ಟು ಎತ್ತರದಲ್ಲಿದೆ ಅತ್ತಿಗೆ? ಏಣಿ ಹೊತ್ಕೊಂಡು ಹೋಗ್ಲಾ?" ಎಂದೆ. ಅತ್ತಿಗೆ ನಗಲಿಲ್ಲ. ಹೋದೆ.

ಮಧ್ಯಾಹ್ನ ದೇವಸ್ಥಾನದ ಬಾಗಿಲು ಹಾಕುವ ಹೊತ್ತು, ಜನ ಇರಲಿಲ್ಲ. ಎಣ್ಣೆ ಸವರಿ ಸವರಿ ಕಪ್ಪಾದ ಆ ಕಲ್ಲಿನ ಬಸವನ ಮೈ ಗರ್ಭಗುಡಿಯ ತುಂಬ ಮಲಗಿತ್ತು. ಬೆಣ್ಣೆ, ಎಣ್ಣೆ, ಸೇವಂತಿಗೆಯ ವಾಸನೆಗೆ ಕಣ್ಣು ಎಳೆಯುತ್ತಿತ್ತು. ಕಿವಿಯಂತೂ ಕೈಗೆ ಎಟುಕುವಂತಿರಲಿಲ್ಲ. ಪ್ರದಕ್ಷಿಣೆ ಬರುತ್ತಾ ಹಿಂಭಾಗದ ಇಕ್ಕಟ್ಟಿನಲ್ಲಿ, ಬಾಲದ ಹತ್ತಿರ ನಿಂತು ಕಲ್ಲಿಗೆ ಅಂಗೈ ಊರಿದೆ. ಅಣ್ಣನಿಗೆ ಮಾತು ಕೊಡಪ್ಪ ಎನ್ನಲು ಬಾಯಿ ತೆರೆದರೆ ಬಂದದ್ದೇ ಬೇರೆ.

"ಬೊಂಬಾಯಿ ಕೆಲಸದ ಕಾಗದ ಪೋಸ್ಟಲ್ಲಿ ಕಳೆದುಹೋಗಿದ್ದಲ್ಲ. ನಾನೇ ಬಚ್ಚಲ ಒಲೆಗೆ ಹಾಕ್ದೆ. ಅಣ್ಣ ನಮ್ಮನ್ನ ಬಿಟ್ಟು ಹೋಗ್ತಾನೆ ಅಂತ."

ಆಗ ನನಗೆ ಹದಿನಾರು. ಅಣ್ಣ ರಿಟೈರಾಗುವವರೆಗೂ ಚಾಮರಾಜಪೇಟೆಯ ಒಂದು ಆಫೀಸಿನಲ್ಲಿ ಗುಮಾಸ್ತನಾಗಿಯೇ ಉಳಿದ. ಇದನ್ನು ನಾನು ಒಂದು ನರಪಿಳ್ಳೆಗೂ ಹೇಳಿರಲಿಲ್ಲ.

ಅಂಗೈ ಕೆಳಗೆ ಕಲ್ಲು ಬೆಚ್ಚಗಿತ್ತು. ಅದು ಮೆಲ್ಲಗೆ ಉಬ್ಬಿತು, ಮತ್ತೆ ಇಳಿಯಿತು, ಮಲಗಿದ ಎತ್ತಿನ ಪಕ್ಕೆಯ ಹಾಗೆ. ಎಷ್ಟು ಹೊತ್ತು ನಿಂತಿದ್ದೆನೋ ತಿಳಿಯದು. ಹೆದರಿಕೆ ಆಗಲಿಲ್ಲ, ಅಳು ಬಂತು. ಹನ್ನೆರಡರ ಮಂಗಳಾರತಿಯ ಗಂಟೆ ಹೊಡೆದಾಗ ಎಚ್ಚರಾಯಿತು.

ವಾಪಸು ಬಂದರೆ ಅಣ್ಣನ ಮನೆಯ ಗೇಟಿನಲ್ಲೇ ಅತ್ತಿಗೆ ನಿಂತಿದ್ದರು. "ಮಾತಾಡಿದ್ರು ಕಣೆ. ಕುಕ್ಕರ್ ಇಳಿಸ್ತಿದ್ದೆ, ಹನ್ನೆರಡು ಗಂಟೆ ಇರ್ಬೇಕು. ಕಿಟಕಿ ಕಡೆ ನೋಡ್ಕೊಂಡು 'ಗೊತ್ತಿತ್ತು ಬಿಡೇ, ಪುಟ್ಟಿ' ಅಂದ್ರು. ಏನ್ರೀ ಗೊತ್ತಿತ್ತು ಅಂತ ಕೇಳಿದ್ರೆ ಸುಮ್ನೆ ನಕ್ರು."

ಪುಟ್ಟಿ ಅಂದರೆ ನಾನು. ಎಲ್ಲಿಗೆ ಹೋಗುತ್ತಿದ್ದೇನೆಂದು ಅಣ್ಣನಿಗೆ ನಾವಿಬ್ಬರೂ ಹೇಳಿರಲಿಲ್ಲ.

ಕಲ್ಲಿನ ಬಿಸಿ ಬಿಸಿಲಿನದು, ಉಬ್ಬಿಳಿದದ್ದು ನನ್ನದೇ ಉಸಿರು ಎಂದು ನನ್ನ ಲೆಕ್ಕದ ಬುದ್ಧಿ ಹೇಳುತ್ತದೆ. ಗರ್ಭಗುಡಿಯ ಹಿಂದಕ್ಕೆ ಬಿಸಿಲು ಬೀಳುವುದಿಲ್ಲ ಎಂದೂ ಅದೇ ಬುದ್ಧಿ ಹೇಳುತ್ತದೆ. ಅಣ್ಣ ಈಗ ಚೆನ್ನಾಗಿ ಮಾತಾಡುತ್ತಾನೆ, ಉಪ್ಪಿಟ್ಟಿಗೆ ಉಪ್ಪು ಸಾಲದೆಂದು ಅತ್ತಿಗೆಯನ್ನು ರೇಗಿಸುತ್ತಾನೆ. ಕಾಗದದ ಸುದ್ದಿ ಮಾತ್ರ ಎತ್ತಿಲ್ಲ. ಏನು ಗೊತ್ತಿತ್ತು ಎಂದು ಕೇಳಲೆಂದೇ ಪ್ರತಿ ಭಾನುವಾರ ಮತ್ತಿಕೆರೆಯಿಂದ ಬಸ್ಸು ಹತ್ತುತ್ತೇನೆ. ಅವನೆದುರು ಕೂತರೆ ನನಗೇ ಬಾಯಿ ಬರುವುದಿಲ್ಲ.