ಮುನ್ನೂರ ಹನ್ನೆರಡು ಗಂಟೆ

ಸಂಶೋಧನೆಗೆಂದು ಸೇರಿದ ಮೊದಲ ದಿನ, ಬೆಳಿಗ್ಗೆ ಹತ್ತಕ್ಕೆ, ಹುಡುಗಿಯೊಬ್ಬಳು ಪ್ರಯೋಗಾಲಯದ ನೆಲಮಾಳಿಗೆಯ ಕೋಣೆಯ ಬಾಗಿಲು ತಳ್ಳಿದಳು. ಐವತ್ತರ ಆಸುಪಾಸಿನ ಹೆಂಗಸೊಬ್ಬರು ಮೇಜಿಗೆ ಕೆನ್ನೆಯೊತ್ತಿ, ಒಂದು ಕಣ್ಣು ಮುಚ್ಚಿ, ದಪ್ಪ ಗಾಜಿನ ಹಲಗೆಯನ್ನು ದಿಟ್ಟಿಸುತ್ತಿದ್ದರು. ಗಾಜಿನ ಮೇಲಿಟ್ಟ ರಸಮಟ್ಟದ ಗುಳ್ಳೆ ಕೂದಲೆಳೆಯಷ್ಟು ಎಡಕ್ಕಿತ್ತು. ಮೇಜಿನ ಕಾಲಡಿಗೆ ಮಡಿಸಿದ ಕಾಗದ ತುರುಕಿ, ತಲೆಯೆತ್ತದೆಯೇ ಕೇಳಿದರು: "ಯಾರು?"

"ಪೊರೆ ಕೆಲಸ ಕಲಿಯೋಕೆ ಬಂದಿದೀನಿ ಮೇಡಂ."

"ಕಣ್ಣಿನ ಡಾಕ್ಟರು ಎದುರು ಬೀದೀಲಿ."

ನಗಬೇಕೋ ಹೊರಡಬೇಕೋ ಹುಡುಗಿಗೆ ತಿಳಿಯಲಿಲ್ಲ.

"ಮೇಡಂ ಗೀಡಂ ಬೇಡ, ಅಕ್ಕ ಅನ್ನು. ಫ್ಯಾನ್ ಹಾಕಬೇಡ, ಬಾಗಿಲು ಬಡೀಬೇಡ, ಸೀನು ಬಂದ್ರೆ ಆಚೆ ಹೋಗಿ ಸೀನು."

ಎಲ್ಲರಿಗೂ ಅವರು ಪೊರೆಯಕ್ಕ. ಕನ್ನಡಿ ಅಂಗಡಿಯವನ ಮಗಳು, ಓದಿದ್ದು ಹತ್ತನೇ ತರಗತಿ. ಗಾಜಿನ ಮೇಲೆ ಪಾಲಿಮರ್ ದ್ರಾವಣ ಎರೆದು, ಅಲಗಿನಿಂದ ಒಂದೇ ಎಳೆತಕ್ಕೆ ಹರಡಿ, ಒಣಗಿಸಿ, ನೀರಲ್ಲಿ ಮುಳುಗಿಸಿ ಪೊರೆ ಬಿಡಿಸುವುದು ಇಪ್ಪತ್ತೆರಡು ವರ್ಷಗಳಿಂದ ಅವರ ಕೆಲಸ. ಆ ಪೊರೆ ವಿದ್ಯುತ್ ಹುಟ್ಟಿಸುವ ಇಂಧನಕೋಶದೊಳಗೆ ಹೋಗುತ್ತದೆ. ಅದರ ಒಂದು ಬದಿ ಹೈಡ್ರೋಜನ್, ಇನ್ನೊಂದು ಬದಿ ಗಾಳಿ. ಪೊರೆ ಪ್ರೋಟಾನನ್ನು ದಾಟಿಸಬೇಕು, ಅನಿಲವನ್ನು ತಡೆಯಬೇಕು. ಒದ್ದೆಯಿದ್ದಷ್ಟೂ ಪ್ರೋಟಾನು ಸಲೀಸಾಗಿ ದಾಟುತ್ತದೆ. ಆದರೆ ಒದ್ದೆಯಾದ ಪೊರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಉಬ್ಬಿ ಕುಗ್ಗಿ ಕೊನೆಗೆ ಹರಿಯುತ್ತದೆ.

ಕೆಲವು ತಿಂಗಳ ನಂತರ ಹುಡುಗಿ ಬೆರೆಸಿದ ಹೊಸ ಮಿಶ್ರಣದ ಪೊರೆ ಪ್ರೋಟಾನು ದಾಟಿಸುವುದರಲ್ಲಿ ಹಳೆಯವನ್ನೆಲ್ಲ ಹಿಂದೆ ಹಾಕಿತು. ಪ್ರಯೋಗಾಲಯದ ಮುಖ್ಯಸ್ಥರು ಹಿಗ್ಗಿಹೋದರು. ಐನೂರು ಗಂಟೆ ಓಡಿದರೆ ವರದಿ ಕಳಿಸೋಣ ಎಂದರು. ಮುನ್ನೂರ ಹನ್ನೆರಡನೇ ಗಂಟೆಗೆ ವೋಲ್ಟೇಜು ದಿಢೀರನೆ ಕುಸಿಯಿತು.

"ಪೊರೆ ಚೆನ್ನಾಗೇ ಇದೆ, ಸುತ್ತಲಿನ ರಬ್ಬರ್ ಪಟ್ಟಿ ಸೋರಿದೆ ಅಂತ ಬರೀರಿ," ಎಂದರು ಮುಖ್ಯಸ್ಥರು.

ಹುಡುಗಿ ಹಾಗೇ ಬರೆದು ಸಹಿ ಹಾಕಿದಳು. ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವಳು ಅವಳೊಬ್ಬಳೇ. ದೊಡ್ಡವರಿಗೆ ಎದುರಾಡಿ ಅಭ್ಯಾಸವಿರಲಿಲ್ಲ. ಎರಡನೇ ಸಹಿ ಪೊರೆಯಕ್ಕ ಹಾಕಬೇಕಿತ್ತು. ಅವರು ಪೆನ್ನು ಮುಟ್ಟದೆ ಕೋಶದ ತಿರುಪು ಬಿಚ್ಚಿ, ಪೊರೆಯನ್ನು ಬೆಳಕಿಗೆ ಹಿಡಿದರು. ಅಂಚಿನಲ್ಲಿ ಉಗುರಿನಷ್ಟು ಸೀಳು.

"ರಬ್ಬರ್ ಗಟ್ಟಿಮುಟ್ಟಾಗಿದೆ ಸರ್. ಹರಿದಿರೋದು ಪೊರೆ."

"ನಿಮ್ಮ ಕಣ್ಣಿಗೇ ಪೊರೆ ಬಂದಿರಬೇಕು."

"ಬಂದಿದ್ರೆ ಅದನ್ನೂ ಬಿಡಿಸಿ ಅಳೀತೀನಿ. ಈ ಸುಳ್ಳಿಗೆ ಮಾತ್ರ ಸಹಿ ಹಾಕಲ್ಲ."

"ಮುಂದಿನ ತಿಂಗಳು ನಿಮ್ಮ ಕೆಲಸ ಮುಂದುವರಿಸೋ ಕಾಗದ ನನ್ನ ಮೇಜಿಗೇ ಬರುತ್ತೆ, ನೆನಪಿರಲಿ."

"ಬರಲಿ, ಹರಿದುಹಾಕಿ. ಅದು ಹರಿದಿದೆ ಅಂತಾನೂ ನಾನೇ ಬರೀತೀನಿ."

ಸಹಿಯ ಜಾಗದಲ್ಲಿ ಅವರು '೩೧೨ ಗಂಟೆ, ಪೊರೆ ಹರಿದಿದೆ' ಎಂದು ಬರೆದರು. ಮಾರನೆಯ ದಿನವೇ ಅವರನ್ನು ಗಾಜಿನ ಸಾಮಾನು ತೊಳೆಯುವ ಕೋಣೆಗೆ ಹಾಕಲಾಯಿತು.

ಹುಡುಗಿ ತಾನೇ ಎರೆದ ಪೊರೆಗಳಲ್ಲಿ ಒಂದೂ ನೆಟ್ಟಗಾಗಲಿಲ್ಲ. ನಾಲ್ಕನೇ ದಿನ ತೊಳೆಯುವ ಕೋಣೆಯ ಬಾಗಿಲಲ್ಲಿ ನಿಂತಳು.

"ಅಕ್ಕಾ, ನಾನು ಸಹಿ ಹಾಕಬಾರದಿತ್ತು."

"ನನ್ನ ಹತ್ರ ಅತ್ರೆ ಏನು ಬಂತು? ಸಹಿ ನಿನ್ನದು, ಕೈಯೂ ನಿನ್ನದು."

ಕೈ ಒರೆಸಿಕೊಂಡು ಕಪಾಟಿನಿಂದ ದಪ್ಪ ಪುಸ್ತಕ ತೆಗೆದರು. ಇಷ್ಟು ವರ್ಷ ಹರಿದ ಪೊರೆಗಳನ್ನೆಲ್ಲ ಅಂಟಿಸಿ, ಪಕ್ಕದಲ್ಲಿ ಗಂಟೆ ಬರೆದಿಟ್ಟಿದ್ದರು. "ಎಲ್ಲರೂ ಇದನ್ನ ಹರಿದ ಪುಸ್ತಕ ಅಂತಾರೆ," ಎಂದು ನಕ್ಕರು. ಪುಟ ಮಗುಚುತ್ತಿದ್ದ ಹುಡುಗಿಯ ಕೈ ನಿಂತಿತು. ನಡುವೆ ಹರಿದದ್ದು ಅಪರೂಪ. ಸೀಳೆಲ್ಲ ರಬ್ಬರ್ ಕಚ್ಚಿಹಿಡಿಯುವ ಅಂಚಿನಲ್ಲೇ. ನಡುಭಾಗ ಉಬ್ಬುತ್ತಿತ್ತು, ಬಿಗಿಹಿಡಿದ ಅಂಚಿಗೆ ಉಬ್ಬಲು ಜಾಗವಿರಲಿಲ್ಲ.

ಅವಳು ನೇರ ಮುಖ್ಯಸ್ಥರ ಕೋಣೆಗೆ ಹೋಗಿ, ಅವರ ಎದುರೇ ತನ್ನ ಸಹಿಯನ್ನು ಹೊಡೆದುಹಾಕಿದಳು. ವರದಿಯನ್ನು ಅವರತ್ತ ಸರಿಸಿದಳು. "ಅಕ್ಕನ್ನ ವಾಪಸ್ ಕರೀರಿ ಸರ್. ಇಲ್ಲಾಂದ್ರೆ ನನ್ನನ್ನೂ ಸೀಸೆ ತೊಳೆಯೋಕೆ ಹಾಕಿ."

ಎರಡು ಸಹಿಯಿಲ್ಲದೆ ವರದಿ ಹೊರಹೋಗುವಂತಿರಲಿಲ್ಲ. ಪೊರೆ ಎರೆಯಲು ಬೇರೆ ಕೈಯೂ ಇರಲಿಲ್ಲ. ಮುಖ್ಯಸ್ಥರು ವಾರವಿಡೀ ಗುರುಗುಟ್ಟಿ, ಕೊನೆಗೆ ಅಕ್ಕನ ಕೆಲಸ ಮುಂದುವರಿಸುವ ಕಾಗದಕ್ಕೆ ಸಹಿ ಮಾಡಿದರು. ಹರಿಯದಂತೆ ಅಂಚಿನೊಳಗೆ ತೆಳು ಬಲೆ ಕೂರಿಸಿ ಇಬ್ಬರೂ ಎರೆದ ಹೊಸ ಪೊರೆ ನಾನೂರ ಎಪ್ಪತ್ತು ಗಂಟೆ ಓಡಿತು.

"ಐನೂರು ಅಂತ ಹಾಕಿದ್ರೆ ಆಕಾಶ ಕಳಚಿ ಬೀಳುತ್ತಾ?" ಎಂದರು ಮುಖ್ಯಸ್ಥರು.

"ಹಾಕಲ್ಲ ಸರ್," ಎಂದಳು ಹುಡುಗಿ, ಅಕ್ಕ ಬಾಯಿ ತೆರೆಯುವ ಮೊದಲೇ. ನಾನೂರ ಎಪ್ಪತ್ತರ ಕೆಳಗೆ ಇಬ್ಬರೂ ಸಹಿ ಹಾಕಿದರು.

ಪೊರೆಯಕ್ಕ ಈಗ ಅದೇ ನೆಲಮಾಳಿಗೆಯಲ್ಲಿ ವಾರಕ್ಕೆ ಆರು ಪೊರೆ ಎರೆಯುತ್ತಾರೆ, ಹೊಸಬರಿಗೆ ಅಲಗು ಎಳೆಯುವುದನ್ನು ಕಲಿಸುತ್ತಾರೆ.